ಬಿಡುವು ಯಾರ ಪಾಲಿನದು?

ಬದುಕು ಚಿಕ್ಕದೇನಲ್ಲ, ಅದನ್ನು ಪೋಲು ಮಾಡುವವರು ನಾವೇ ಎಂದು ವಾದಿಸಿದವನು ರೋಮಿನ ತತ್ತ್ವಜ್ಞಾನಿ ಸೆನೆಕ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಪೌಲಿನಸ್ ಎಂಬ ಅಧಿಕಾರಿಗೆ ಬರೆದ ಪುಟ್ಟ ಕೃತಿಯಲ್ಲಿ ಅವನು ಈ ಮಾತು ಹೇಳುತ್ತಾನೆ. ಆಸ್ತಿಯ ಗಡಿಗಾಗಿ ಹೊಡೆದಾಟಕ್ಕೂ ಇಳಿಯುವ ಮನುಷ್ಯ ತನ್ನ ದಿನಗಳನ್ನು ಮಾತ್ರ ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಾನೆ ಎಂಬ ಅವನ ಗ್ರಹಿಕೆ ಇಂದಿಗೂ ನಿಜ. ನನ್ನನ್ನು ಕಾಡುವುದು ಆ ಕೃತಿಯ ಕೊನೆಯ ಭಾಗ. ಪೌಲಿನಸ್ ರೋಮ್ ನಗರದ ಧಾನ್ಯ ಪೂರೈಕೆಯನ್ನು ನೋಡಿಕೊಳ್ಳುತ್ತಿದ್ದವನು. ಊರಿನ ಕಾಳಿನ ಲೆಕ್ಕ ಬಿಡು, ನಿನ್ನ ಬದುಕಿನ ಲೆಕ್ಕ ನೋಡಿಕೋ, ಈ ಕೆಲಸದಿಂದ ನಿವೃತ್ತನಾಗು ಎಂದು ಸೆನೆಕ ಅವನಿಗೆ ಬುದ್ಧಿ ಹೇಳುತ್ತಾನೆ. ಪೌಲಿನಸ್ ಎದ್ದುಹೋದರೂ ರೋಮಿನ ಜನ ಉಣ್ಣಲೇಬೇಕಲ್ಲ? ಇನ್ನೊಬ್ಬ ಬಂದು ಆ ಕಣಜದ ಮುಂದೆ ನಿಲ್ಲಲೇಬೇಕು. ಸೆನೆಕ ಭಾರಿ ಸಿರಿವಂತ, ಅವನ ಮನೆಯಲ್ಲಿ ಗುಲಾಮರಿದ್ದರು. ಚಿಂತನೆಗೆ ಬೇಕಾದ ಹೊತ್ತನ್ನು ಅವರು ದುಡಿದು ಅವನಿಗೆ ಒದಗಿಸಿಕೊಟ್ಟಿದ್ದರು.

ಮುಖ್ಯವಾದುದಕ್ಕೆ ಸಮಯ ಮಾಡಿಕೊಳ್ಳಿ ಎಂಬ ಇಂದಿನ ಉಪದೇಶದಲ್ಲೂ ಇದೇ ಕೊರತೆ ಇದೆ. ಬೇಗ ಏಳಿ, ಫೋನ್ ದೂರ ಇಡಿ, ಬೇಡದ್ದಕ್ಕೆ ಆಗುವುದಿಲ್ಲ ಎನ್ನಲು ಕಲಿಯಿರಿ ಎನ್ನುತ್ತಾರೆ. ಒಳ್ಳೆಯ ಮಾತುಗಳೇ. ಆದರೆ ಇವುಗಳ ಹಿಂದೆ ಒಂದು ನಂಬಿಕೆ ಅಡಗಿದೆ: ಅಡುಗೆ, ಕಸ, ಬಟ್ಟೆ, ಮಕ್ಕಳ ಊಟ, ಮುದುಕರ ಔಷಧಿ ಇವೆಲ್ಲ ಹೇಗಾದರೂ ಮುಗಿಯಬೇಕಾದ ಕಾಟಗಳು, ನಿಜವಾದ ಬದುಕು ಇವು ಮುಗಿದ ಮೇಲೆ ಶುರುವಾಗುತ್ತದೆ ಎಂಬ ನಂಬಿಕೆ. ನಾನು ಇದನ್ನು ಒಪ್ಪಲಾರೆ. ದಿನದ ಬಹುಪಾಲನ್ನೇ ಬದುಕಿನ ಲೆಕ್ಕದಿಂದ ಹೊರಗಿಟ್ಟರೆ ಉಳಿಯುವುದು ತೀರ ಸ್ವಲ್ಪ.

ಹಳೇ ಮೈಸೂರು ಸೀಮೆಯಲ್ಲಿ ಮಾಗಿಯ ಚಳಿಗೆ ಅವರೆಕಾಯಿ ಬರುತ್ತದೆ. ಹಿತಕಿದ ಬೇಳೆಯ ಸಾರು ಮಾಡಬೇಕೆಂದರೆ ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಎರಡು ಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಆತುರದಲ್ಲಿ ಆಗುವ ಕೆಲಸ ಇದಲ್ಲ. ಪಾತ್ರೆಯ ಸುತ್ತ ನಾಲ್ಕು ಜನ ಕೂತರೆ ಮಾತು ತಾನಾಗಿ ಹುಟ್ಟುತ್ತದೆ. ಸುಮ್ಮನೆ ಎದುರುಬದುರು ಕೂತಾಗ ಬಾಯಿ ಬಿಡದ ಹುಡುಗನೂ ಕೈಗೆ ಕೆಲಸವಿದ್ದಾಗ ಶಾಲೆಯ ಸಂಗತಿ ಹೇಳುತ್ತಾನೆ. ಯಾರ ಬೇಳೆ ದೂರ ಹಾರಿತು ಎಂದು ಮಕ್ಕಳಲ್ಲಿ ಪೈಪೋಟಿ. ಬೆರಳಿಗೆ ಹತ್ತಿದ ಸೊಗಡು ಎಷ್ಟು ತೊಳೆದರೂ ಹೋಗುವುದಿಲ್ಲ. ಮನೆಯವರೊಂದಿಗೆ ಕಳೆಯಲು ಹೊತ್ತೇ ಸಿಗುವುದಿಲ್ಲ ಎನ್ನುವವರು ಹುಡುಕುತ್ತಿರುವುದು ಇದನ್ನೇ ಎಂದು ನನಗನ್ನಿಸುತ್ತದೆ. ಈಗ ಹಿತಕಿದ ಬೇಳೆ ಮಾರುಕಟ್ಟೆಯಲ್ಲೇ ಸಿಗುತ್ತದೆ. ಕೊಳ್ಳುವುದು ತಪ್ಪಲ್ಲ. ಆದರೆ ಅಲ್ಲಿ ಉಳಿಸಿದ ಗಂಟೆ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಬೇಕು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಭಾನುವಾರ ಒಂದು ದಿನ ಅವರೆಕಾಳು ಹಿತಕುವವನಿಗೆ ಅದು ಸಂಭ್ರಮ. ದಿನವೂ ಮೂರು ಹೊತ್ತು ಬೇಯಿಸಿ, ಬಳಿದು, ತೊಳೆದು, ಮತ್ತೆ ನಾಳಿನ ಹಿಟ್ಟು ರುಬ್ಬುವವಳಿಗೆ ಅದು ಸಂಭ್ರಮವೇ? ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದರಲ್ಲೂ ಅಂಥ ಕೆಲಸಕ್ಕೆ ಕೈಹಾಕುತ್ತಿದ್ದ ಗಂಡಸರೇ ನೂರಕ್ಕೆ ಸುಮಾರು 26, ಹೆಂಗಸರು 81. ಐದು ಗಂಟೆಯ ಈ ಒಂಟಿ ದುಡಿಮೆಯ ಮುಂದೆ ನಿಂತು ದಿನನಿತ್ಯದ ಚೆಲುವನ್ನು ಹೊಗಳುವುದು ಕ್ರೌರ್ಯ. ಅದೇ ಕಾಳು, ಅದೇ ಪಾತ್ರೆ. ಸುತ್ತ ನಾಲ್ಕು ಜನ ಕೂತರೆ ಹರಟೆ, ಒಬ್ಬಳೇ ಕೂತರೆ ಬೆನ್ನುನೋವು. ಆದ್ದರಿಂದ ದಿನನಿತ್ಯದ ಬದುಕನ್ನು ಮೆಚ್ಚುತ್ತೇನೆ ಎನ್ನುವವನು ಮೊದಲು ಅದರ ಕೆಲಸದಲ್ಲಿ ಪಾಲು ಕೇಳಬೇಕು. ಕಿಟಕಿಯ ಬಳಿ ಕಾಫಿ ಹೀರುತ್ತಾ ಬೆಳಗನ್ನು ಸವಿಯುವವನ ಲೋಟ ಯಾರು ತೊಳೆಯುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಸವಿ ಸಾಲದ್ದು.

ಮನೆಯೊಳಗಿನ ಈ ಲೆಕ್ಕ ಹೊರಗಿನ ದುಡಿಮೆಯ ಲೆಕ್ಕದಿಂದ ಬೇರೆಯಲ್ಲ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು 2023ರಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದ ಏಳಿಗೆಯ ಬಗ್ಗೆ ಬಹಳ ಚರ್ಚೆಯಾಯಿತು. ಆರು ದಿನಕ್ಕೆ ಹಂಚಿದರೆ ಅದು ದಿನಕ್ಕೆ ಸುಮಾರು ಹನ್ನೆರಡು ಗಂಟೆ. ಅದರ ಮೇಲೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೋಗಿಬರುವ ಹೊತ್ತು. ಅಂಥವನ ಬಟ್ಟೆ ಒಗೆದು, ಬುತ್ತಿ ಕಟ್ಟಿ, ಮಗುವನ್ನು ಮಲಗಿಸಲು ಮನೆಯಲ್ಲಿ ಇನ್ನೊಂದು ಜೀವ ಇರಲೇಬೇಕು. ಆ ಜೀವವೂ ಹೊರಗೆ 70 ಗಂಟೆ ದುಡಿಯುವಂತಾದರೆ ಲೆಕ್ಕ ಕೂಡುವುದೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಮಾಡಿದ ಮೊದಲ ಒಪ್ಪಂದವೇ ದಿನಕ್ಕೆ ಎಂಟು ಗಂಟೆಯ ದುಡಿಮೆಯ ಬಗ್ಗೆ. ನಮ್ಮ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಇವು ಯಾರೊಬ್ಬರ ಶಿಸ್ತಿನಿಂದ ಬಂದವಲ್ಲ. ಕೆಲಸಗಾರರು ಒಟ್ಟಾಗಿ ಹೋರಾಡಿ ಪಡೆದುಕೊಂಡವು. ಬಿಡುವನ್ನು ಬರೀ ಸ್ವಂತ ಅಭ್ಯಾಸದ ವಿಷಯ ಮಾಡಿದರೆ ಈ ಚರಿತ್ರೆಯೇ ಮರೆತುಹೋಗುತ್ತದೆ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾದ ಕೆಲವೇ ದಿನಗಳಲ್ಲಿ ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳು ತುಂಬಿ ತುಳುಕಿದವು. ಕೆಲಸವಿಲ್ಲದ ತಿರುಗಾಟ ಎಂದು ಹಲವರು ಹಳಿದರು. ನನಗೆ ಕಂಡದ್ದು ಬೇರೆ. ತವರಿಗೆ ಹೋಗಿ ತಾಯಿಯ ಬಳಿ ಕೂರುವುದು, ಎಂದೋ ಹೊತ್ತ ಹರಕೆ ತೀರಿಸುವುದು, ಅಕ್ಕಪಕ್ಕದ ಮನೆಯವರ ಜೊತೆ ನಗುತ್ತಾ ಒಂದು ದಿನ ಹೊರಗಿರುವುದು: ಇವು ಅವರಿಗೆ ಮುಖ್ಯವೆಂದು ಅವರಿಗೆ ಮೊದಲೇ ಗೊತ್ತಿತ್ತು, ಯಾರೂ ಉಪದೇಶಿಸಬೇಕಿರಲಿಲ್ಲ. ಅಡ್ಡವಾಗಿದ್ದ ಒಂದು ಖರ್ಚನ್ನು ಸರ್ಕಾರ ತೆಗೆಯಿತು. ನಸುಕಿನಲ್ಲೇ ಎದ್ದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಬಸ್ಸಿಗೆ ಓಡುವ ಪಾಡು ಉಳಿದೇ ಇದೆ, ಮತ್ತು ಅದನ್ನು ತಪ್ಪಿಸಬಲ್ಲವರು ಆ ಮನೆಯಲ್ಲೇ ಇದ್ದಾರೆ.