ಎಣಿಸಿದರೆ ಹನುಮಪ್ಪ ಮುನಿಯುವುದಿಲ್ಲ

ಹಂಪಿಯ ಎದುರು, ತುಂಗಭದ್ರೆಯ ಈಚೆ ಇರುವ ಹನುಮನಹಳ್ಳಿ, ಸಣಾಪುರ, ಆನೆಗೊಂದಿ ಸುತ್ತ ಬಂದುಹೋಗುವವರ ಲೆಕ್ಕ ಇಡಬೇಕು, ಯಾವ ಜಾಗಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ಜನ ಎಂಬುದಕ್ಕೊಂದು ಮಿತಿ ಬೇಕು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನಾಲ್ಕೂ ಕಡೆಯಿಂದ ಆಕ್ಷೇಪ ಏಳುತ್ತದೆ. ಭಕ್ತರದೊಂದು, ಹೋಂಸ್ಟೇಯವರದೊಂದು, ಪರಿಸರದ ಪರ ಮಾತಾಡುವವರದೇ ಮತ್ತೊಂದು. ನಾನು ಮಿತಿಯ ಪರ. ಒಂದೊಂದೇ ಆಕ್ಷೇಪವನ್ನು ತೆಗೆದುಕೊಳ್ಳುತ್ತೇನೆ. ಎಲ್ಲದಕ್ಕೂ ಒಂದೇ ತೂಕವಿಲ್ಲ, ಉತ್ತರವೂ ಒಂದೇ ಉದ್ದ ಇರುವುದಿಲ್ಲ.

"ಇದೇನು ಬಂಡೀಪುರವೇ?" ಎನ್ನುವುದು ಮೊದಲನೆಯದು. ಹುಲಿ ಇಲ್ಲ, ಸಫಾರಿ ಜೀಪಿಲ್ಲ, ಚೆಕ್‌ಪೋಸ್ಟಿಲ್ಲ. ಹಾಗಿದ್ದ ಮೇಲೆ ಸಂರಕ್ಷಿತ ಪ್ರದೇಶದ ಮಾತೇಕೆ? ಏಕೆಂದರೆ ಊರ ಪಕ್ಕದ ಹೊಳೆಯೇ ಸಂರಕ್ಷಿತ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ಸರ್ಕಾರ 2015ರಲ್ಲೇ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ಹನುಮನಹಳ್ಳಿಯ ದಂಡೆ ಅದರ ನಡುವೆಯೇ ಬರುತ್ತದೆ. ಹೊಳೆಯ ಆಚೆ, ಹಂಪಿಗೂ ಆಚೆ, 1994ರಿಂದ ದರೋಜಿ ಕರಡಿಧಾಮವಿದೆ. ಈಚೆಯ ಗುಡ್ಡಗಳಲ್ಲಿ ಚಿರತೆ, ಕರಡಿ ಇರುವುದನ್ನು ಇಲ್ಲಿನ ಕುರಿಗಾಹಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀರುನಾಯಿ ಬಂಡೆಯ ಸಂದಿಯಲ್ಲಿ, ದಂಡೆಯ ಜೊಂಡಿನಲ್ಲಿ ಮರಿ ಹಾಕುವ ಪ್ರಾಣಿ. ಬೆಳಗಿನ, ಸಂಜೆಯ ಹೊತ್ತಲ್ಲಿ ಅದರ ಓಡಾಟ ಹೆಚ್ಚು. ಪ್ರವಾಸಿಗ ಸೂರ್ಯೋದಯ, ಸೂರ್ಯಾಸ್ತ ನೋಡಲು ಬಂಡೆ ಹತ್ತುವುದೂ, ತೆಪ್ಪ ಏರುವುದೂ ಅದೇ ಹೊತ್ತಿನಲ್ಲಿ. ಇಬ್ಬರಿಗೂ ಒಂದೇ ಗಳಿಗೆ, ಒಂದೇ ಬಂಡೆ ಬೇಕು. ಇಲ್ಲಿ ಒಟ್ಟು ಎಷ್ಟು ಜನ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ, ಎಲ್ಲಿ ಎನ್ನುವುದು ಮುಖ್ಯ.

"ದೇವರ ದರ್ಶನಕ್ಕೂ ಲೆಕ್ಕವೇ?" ಇದು ಭಾವನೆಯ ಮಾತು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಹನುಮ ಹುಟ್ಟಿದ ಬೆಟ್ಟವೆಂದು ಭಕ್ತರು ನಂಬುವ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬರುವವರಲ್ಲಿ ವರ್ಷವೆಲ್ಲ ದುಡಿದು ಒಂದು ದಿನ ಬಿಡುವು ಮಾಡಿಕೊಂಡವರೇ ಹೆಚ್ಚು. ಅವರನ್ನು ತಡೆದು ನಿಲ್ಲಿಸಿ ಎಂದು ನಾನಂತೂ ಹೇಳಲಾರೆ. ಆದರೆ ತಿರುಪತಿಯಲ್ಲಿ ಸಮಯ ನಮೂದಿಸಿದ ಟೋಕನ್ ಹಿಡಿದು ನಿಲ್ಲುವವರು ಯಾರು? ಶಬರಿಮಲೆಗೆ ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಹೆಸರು ಬರೆಸುವವರು ಯಾರು? ಇದೇ ಗಂಗಾವತಿ, ಕೊಪ್ಪಳ, ಕುಷ್ಟಗಿಯ ಭಕ್ತರೇ. ಅಲ್ಲಿ ಕಡಿಮೆಯಾಗದ ಭಕ್ತಿ ಇಲ್ಲಿ ಮಾತ್ರ ಏಕೆ ಕಡಿಮೆಯಾದೀತು? ಮಾಲೆ ಧರಿಸಿ ವ್ರತ ಮಾಡಿದವರು ಬೆಟ್ಟಕ್ಕೆ ಬಂದು ಅದನ್ನು ಕಳಚುವ ಹನುಮಮಾಲೆ ವಿಸರ್ಜನೆಯ ದಿನ ಜಿಲ್ಲಾಡಳಿತವೇ ಬ್ಯಾರಿಕೇಡ್ ಹಾಕುತ್ತದೆ, ವಾಹನಗಳ ದಾರಿ ಬದಲಿಸುತ್ತದೆ. ಮಾಲಾಧಾರಿಗಳು ಅದನ್ನು ಅವಮಾನ ಎಂದುಕೊಂಡಿಲ್ಲ. ವರ್ಷಕ್ಕೊಮ್ಮೆ ಪೊಲೀಸರು ತರಾತುರಿಯಲ್ಲಿ ಮಾಡುವುದನ್ನೇ ಉಳಿದ ದಿನಗಳಲ್ಲಿ ಸಮಾಧಾನವಾಗಿ ಮಾಡಿ ಎನ್ನುವುದಷ್ಟೇ ಕೇಳಿಕೆ.

ಎಲ್ಲಕ್ಕಿಂತ ಗಟ್ಟಿ ದನಿಯ ಆಕ್ಷೇಪ ಹೊಟ್ಟೆಪಾಡಿನದು. "ಮಿತಿ ಹಾಕಿದರೆ ತೆಪ್ಪದವರು, ಆಟೋದವರು, ಎಳನೀರಿನವರು, ಮನೆಯಲ್ಲಿ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು ಏನು ತಿನ್ನಬೇಕು?" ಪ್ರಶ್ನೆ ಸರಿಯಾಗಿದೆ. ಆದರೆ ಈ ಭಾಗದ ಅನ್ನಕ್ಕೆ ಇದುವರೆಗೆ ಕಲ್ಲು ಹಾಕಿದ್ದು ಯಾವುದು ಎಂದು ಒಮ್ಮೆ ಹಿಂತಿರುಗಿ ನೋಡೋಣ. ಹಂಪಿಯೆದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ಯಾವ ಮಿತಿಯೂ ಇರಲಿಲ್ಲ. ಹೊಲಗಳಲ್ಲಿ ಗುಡಿಸಲು ಎದ್ದವು, ಗುಡಿಸಲು ರೆಸಾರ್ಟ್ ಆದವು, ಎಲ್ಲರೂ ನೋಡುತ್ತ ಕೂತರು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅವು ಅನಧಿಕೃತ ಎಂದು ತೀರ್ಪು ಕೊಟ್ಟಿತು. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಬಂದವು. ದಶಕಗಳ ದುಡಿಮೆ ಕೆಲವೇ ದಿನಗಳಲ್ಲಿ ನೆಲಸಮವಾಯಿತು. ಅಲ್ಲಿಂದೆದ್ದ ವ್ಯಾಪಾರ ಎಲ್ಲಿಗೆ ಬಂತು? ಹನುಮನಹಳ್ಳಿಗೆ, ಸಣಾಪುರಕ್ಕೆ. ಬಂಡೆ ಏರುವ ವಿದೇಶಿಯರೂ ಬಂದರು, ವಾರದ ಕೊನೆಗೆ ಬೆಂಗಳೂರು, ಹೈದರಾಬಾದಿನ ಕಾರುಗಳೂ ಬಂದವು. ಗಡ್ಡೆಯಲ್ಲಿ ಆದ ತಪ್ಪೇ ಭತ್ತದ ಗದ್ದೆಗಳ ನಡುವೆ ಮತ್ತೆ ಬೆಳೆಯುತ್ತಿದೆ, ಅಷ್ಟೆ.

ನೋಡಿಯೂ ನೋಡದಂತಿದ್ದು ಒಂದು ದಿನ ದಿಢೀರನೆ ಎಲ್ಲವನ್ನೂ ಕೆಡವುವುದು, ಇಲ್ಲವೇ ಎಲ್ಲವನ್ನೂ ನಿಲ್ಲಿಸುವುದು ನಮ್ಮಲ್ಲಿ ಬೆಳೆದುಬಂದ ಪದ್ಧತಿ. ಕುಮಾರಪರ್ವತದಲ್ಲೂ ಇದೇ ಆಯಿತು. 2024ರ ಜನವರಿಯಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೇ ನುಗ್ಗಿದರು, ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನೇ ತಡೆಯಿತು, ತಿಂಗಳುಗಟ್ಟಲೆ ದಾರಿಗಳು ಮುಚ್ಚಿದವು. ಬಳಿಕ ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೊಂದಿಗೆ ತೆರೆದವು. ಮೊದಲೇ ಎಣಿಸಿದ್ದರೆ ಮುಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ. ಊಟಿಯದು ಇದಕ್ಕಿಂತ ಒಳ್ಳೆಯ ಪಾಠ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಶುರುವಾದಾಗ ಕೇಳಿದವರಿಗೆಲ್ಲ ಪಾಸ್ ಸಿಕ್ಕಿತು; ಉದ್ದೇಶ ಎಣಿಕೆ ಮಾತ್ರ. ಮರುವರ್ಷದ ಬೇಸಿಗೆಗೆ ವಾರದ ದಿನ 6,000, ವಾರಾಂತ್ಯ 8,000 ವಾಹನ ಎಂಬ ಮಿತಿ ಬಂತು. ಸ್ಥಳೀಯರ ವಾಹನಕ್ಕೂ ಸರ್ಕಾರಿ ಬಸ್ಸಿಗೂ ಅದು ಅನ್ವಯಿಸಲಿಲ್ಲ. ಅಲ್ಲಿನ ಅಂಗಡಿಯವರು ಗೊಣಗಿದರು, ಬಂದ್ ಕೂಡ ಮಾಡಿದರು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಂದ್ ಒಂದು ದಿನದ್ದು. ಗಡ್ಡೆಯ ಅಂಗಡಿಗಳು ಮುಚ್ಚಿದ್ದು ಶಾಶ್ವತವಾಗಿ.

ಇನ್ನು ಪರಿಸರದವರ ಆಕ್ಷೇಪ: "ನೀರುನಾಯಿಗೆ ಕಂಟಕ ಪ್ರವಾಸಿಗನಲ್ಲ, ಸಿಡಿಮದ್ದು ಹಾಕಿ ಮೀನು ಹಿಡಿಯುವವನು, ಮರಳು ಎತ್ತುವವನು." ಪೂರ್ತಿ ಒಪ್ಪುತ್ತೇನೆ. ಸಿಡಿಮದ್ದಿನ ಮುಂದೆ ಒಂದು ತೆಪ್ಪದ ಸದ್ದು ಏನೇನೂ ಅಲ್ಲ. ಹಾಗೆಂದು ಎರಡನೆಯದನ್ನು ಬಿಟ್ಟುಬಿಡಬೇಕೆಂದಿಲ್ಲ. ಇನ್ನೂ ಒಂದು ಮಾತಿದೆ: ದಂಡೆಯ ಮೇಲೆ ಬೆಳಗ್ಗೆ ಸಂಜೆ ಬರೆದಿಡುವ ಕಾವಲುಗಾರನೊಬ್ಬನಿದ್ದರೆ ಪ್ರವಾಸಿಗನ ಸ್ಪೀಕರೂ ಅವನ ಕಿವಿಗೆ ಬೀಳುತ್ತದೆ, ಸಿಡಿಮದ್ದೂ ಬೀಳುತ್ತದೆ. ಹೀಗೆ ಜಾಗವನ್ನೇ ಗಮನಿಸುತ್ತ ಮಿತಿ ಹಾಕುವ ಕ್ರಮವೊಂದನ್ನು ಅಮೆರಿಕದ ಅರಣ್ಯ ಇಲಾಖೆ 1985ರಲ್ಲೇ ರೂಪಿಸಿತು. ಎಷ್ಟು ಜನ ಬರಬಹುದು ಎಂದು ತಲೆ ಕೆಡಿಸಿಕೊಳ್ಳುವ ಬದಲು, ಜಾಗ ಎಷ್ಟು ಬದಲಾದರೆ ಸಹಿಸಬಹುದು ಎಂದು ಮೊದಲು ತೀರ್ಮಾನಿಸು. ಆ ಗೆರೆ ದಾಟಿದಾಗ ಮಾತ್ರ ಕೈಹಾಕು. ನಮ್ಮ ಹೊಳೆಗೆ ಗೆರೆ ಯಾವುದಾಗಬಹುದು? ಬಂಡೆಗಳ ಮೇಲೆ ನೀರುನಾಯಿಯ ಹಿಕ್ಕೆ ಕಾಣುವ ಜಾಗಗಳು ಕಡಿಮೆಯಾದವೇ, ದಂಡೆಯಲ್ಲಿ ಬಾಟಲಿ ಹೆಚ್ಚಾದವೇ ಎನ್ನುವುದು. ಇದನ್ನು ನೋಡಲು ವಿಜ್ಞಾನಿಯೇ ಬೇಕಿಲ್ಲ, ತೆಪ್ಪದವನು ಸಾಕು. ಅವನಿಗೆ ಸಂಬಳ ಕೊಡಿ.

"ಪೊಲೀಸರನ್ನು ಹೆಚ್ಚಿಸಿದರೆ ಮುಗಿಯಿತಲ್ಲ" ಎಂಬ ಮಾತು 2025ರ ಮಾರ್ಚ್‌ನಲ್ಲಿ ಸಣಾಪುರದ ಕಾಲುವೆ ಬಳಿ ನಡೆದ ಅತ್ಯಾಚಾರ, ಕೊಲೆಯ ನಂತರ ಜೋರಾಗಿದೆ. ಪೊಲೀಸರು ಬೇಕು. ಆದರೆ ರಾತ್ರಿ ಯಾರು ಎಲ್ಲಿದ್ದಾರೆ ಎಂಬ ಪಟ್ಟಿಯೇ ಇಲ್ಲದೆ ಬೀಟ್ ಹಾಕಿದರೆ ಬೈಕಿನ ಪೆಟ್ರೋಲು ಖರ್ಚಾಗುತ್ತದೆ.

ಕೊನೆಗೆ ನನ್ನನ್ನು ನಿಜಕ್ಕೂ ತಡವರಿಸುವಂತೆ ಮಾಡುವ ಆಕ್ಷೇಪ: "ಈಗಾಗಲೇ ಇರುವ ಕಚೇರಿಗಳು ಸಾಲದೇ?" ಹೊಳೆ ಅರಣ್ಯ ಇಲಾಖೆಯದು, ಕೆರೆ ಕಾಲುವೆ ನೀರಾವರಿಯವರದು, ಗುಡಿ ಮುಜರಾಯಿಯದು, ಸ್ಮಾರಕ ಪುರಾತತ್ತ್ವದವರದು, ಕಟ್ಟಡದ ಅನುಮತಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ್ದು, ಕಸ ಪಂಚಾಯಿತಿಯದು. ಒಂದು ಸಹಿಗೆ ಆರು ಬಾಗಿಲು ತಟ್ಟುವ ಊರಿಗೆ ಏಳನೆಯ ಬಾಗಿಲು ಕೊಟ್ಟರೆ ಜನ ಬೈಯದೆ ಇರುತ್ತಾರೆಯೇ? ಹೊಸ ಪ್ರಾಧಿಕಾರ ಬೇಡವೇ ಬೇಡ. ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕೆಂದು ವನ್ಯಜೀವಿ ಕಾಯ್ದೆಯ 36ಬಿ ಕಲಮೇ ಹೇಳುತ್ತದೆ. ಅದರಲ್ಲಿ ಅರಣ್ಯಾಧಿಕಾರಿಯ ಜತೆ ಮೀಸಲಿನ ವ್ಯಾಪ್ತಿಯ ಪ್ರತಿ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿಗೂ ಜಾಗವಿದೆ. ತೆಪ್ಪಗಳ ಹೊತ್ತು, ಸಂಖ್ಯೆ, ಎಲ್ಲಿ ಇಳಿಯಬಾರದು ಎಂಬುದನ್ನು ಆ ಸಮಿತಿ ಸೂಚಿಸಲಿ. ಎಣಿಕೆಯ ಪುಸ್ತಕ ಒಂದೇ ಇರಲಿ, ಉಳಿದ ಇಲಾಖೆಗಳು ಅದನ್ನೇ ಓದಲಿ. ಮೊಬೈಲ್ ಇಲ್ಲದವರಿಗೆ ಬೆಟ್ಟದ ಬುಡದಲ್ಲೇ ಚೀಟಿ ಸಿಗಲಿ, ಊರವರಿಗೆ ಚೀಟಿಯೇ ಬೇಡ. ಹೋಂಸ್ಟೇಯವರು ಇದನ್ನು ವಿರೋಧಿಸಿ ಮನವಿ ಬರೆಯುವ ಬದಲು, ಮುಂದಿನ ಗ್ರಾಮಸಭೆಯಲ್ಲಿ ಆ ಸಮಿತಿಗೆ ತಮ್ಮ ಪಂಚಾಯಿತಿಯಿಂದ ಹೋಗುವವರು ಯಾರು, ಕಳೆದ ಸಭೆಯಲ್ಲಿ ಏನು ಮಾತಾಡಿದರು ಎಂದು ಕೇಳಲಿ.