ಬಾಗಿಲ ಸುಂಕ

ಲಿಂಗಸುಗೂರಿನ ಪದವೀಧರನೊಬ್ಬ ತೊಗರಿ, ಹತ್ತಿಯ ಧಾರಣೆ ತಿಳಿಸುವ ಆ್ಯಪ್ ರಚಿಸಿದನೆನ್ನೋಣ. ಅದನ್ನು ಗೂಗಲ್ ಪ್ಲೇಗೆ ಸೇರಿಸಲು ಖಾತೆಗೆ ಒಮ್ಮೆ 25 ಡಾಲರ್, ಆ್ಯಪಲ್‌ನ ಮಳಿಗೆಗಾದರೆ ಪ್ರತಿವರ್ಷ 99 ಡಾಲರ್ ತೆರಬೇಕು. ಕಳಪೆ ಸರಕನ್ನು ತಡೆಯಲೆಂದೇ ಈ ಶುಲ್ಕ ಎಂದು ಗೂಗಲ್ 2008ರಲ್ಲೇ ಸಮರ್ಥಿಸಿಕೊಂಡಿತ್ತು.

ತಡೆಯಿತೇ? 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ಗೂಗಲ್ ಕಿತ್ತುಹಾಕಿತೆಂದು ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿದೆ. ಅವು ಕಳ್ಳದಾರಿಯಿಂದ ನುಸುಳಿದವಲ್ಲ, ಸುಂಕ ತೆತ್ತೇ ಒಳಬಂದವು. ಸಾಲಗಾರನ ಫೋನಿನಿಂದ ಬಂಧುಮಿತ್ರರ ನಂಬರು ದೋಚಿ, ತಿರುಚಿದ ಚಿತ್ರಗಳನ್ನು ಅವರಿಗೆ ಕಳುಹಿಸಿ ಮಾನ ಹರಾಜು ಹಾಕುವ ಬಡ್ಡಿ ದಂಧೆಗೆ 25 ಡಾಲರ್ ಯಾವ ಲೆಕ್ಕ?

2023ರ ನವೆಂಬರ್ ಬಳಿಕ ತೆರೆದ ವೈಯಕ್ತಿಕ ಖಾತೆಗಳಿಗೆ ಇನ್ನೊಂದು ಷರತ್ತು: ಆ್ಯಪನ್ನು 12 ಮಂದಿ ಸತತ 14 ದಿನ ಪರೀಕ್ಷಿಸಬೇಕು. (ಮೊದಲು 20 ಮಂದಿ ಬೇಕಿತ್ತು, ಅಷ್ಟು ಕನಿಕರ ತೋರಲಾಗಿದೆ.) ಸಂಸ್ಥೆಯ ಹೆಸರಿನ ಖಾತೆಗಳಿಗೆ ಈ ಷರತ್ತಿಲ್ಲ. ಅಂದರೆ ಜರಡಿಗೆ ಬೀಳುವವನು ಒಂಟಿಯಾಗಿ ದುಡಿಯುವ ಯುವಕನೇ.

ಸಾಲ ಕೊಡುವ ಆ್ಯಪ್‌ನ ಹಿಂದೆ ರಿಸರ್ವ್ ಬ್ಯಾಂಕಿನ ಅನುಮತಿಯುಳ್ಳ ಸಂಸ್ಥೆಯಿದೆಯೇ ಎಂಬುದನ್ನು, ಅದು ಜನರ ಕೈಸೇರುವ ಮೊದಲೇ ಮನುಷ್ಯರು ಕೂತು ಪರಿಶೀಲಿಸಲಿ. ಆ ವೆಚ್ಚವನ್ನು ಮಳಿಗೆಗಳು ಮಾರಾಟದ ಮೇಲೆ ಪಡೆಯುವ ಕಮಿಷನ್ನಿನಿಂದ ಭರಿಸಲಿ. ವಿದ್ಯಾರ್ಥಿಗಳ ಮೊದಲ ಖಾತೆಗೆ ಶುಲ್ಕ ಮನ್ನಾ ಆಗಲಿ.