ಶಾಲಾ ದಾಖಲೆಗಳಿಗೆ ಪಾಸ್‌ವರ್ಡ್ ಒಂದೇ ಸಾಲದು

ಅಮೆರಿಕದಲ್ಲಿ ಸರಕಾರಿ ಶಾಲೆಗಳ ಆಡಳಿತ ನಡೆಸುವುದು ಶಾಲಾ ಜಿಲ್ಲೆಗಳು. ಮಕ್ಕಳ ಹಾಜರಿ, ಅಂಕ, ವಿಳಾಸ ಎಲ್ಲವೂ ಅಲ್ಲಿ ಕಂಪ್ಯೂಟರಿನಲ್ಲೇ ಇರುತ್ತವೆ. ಅಲ್ಲಿ ನಡೆದ ಎರಡು ಕಳವು ಪ್ರಕರಣಗಳನ್ನು ನಮ್ಮ ಸಂಘ ಸಂಸ್ಥೆಗಳೂ ಗಮನಿಸಬೇಕಾಗಿದೆ.

2022ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯ ಕಂಪ್ಯೂಟರ್ ಜಾಲಕ್ಕೆ ನುಗ್ಗಿದವರು ಹಣ ಕೇಳಿದರು. ಜಿಲ್ಲೆ ಕೊಡಲಿಲ್ಲ, ಅಕ್ಟೋಬರ್‌ನಲ್ಲಿ ಕದ್ದ ಮಾಹಿತಿ ಅಂತರ್ಜಾಲದಲ್ಲಿ ಬಹಿರಂಗವಾಯಿತು. 2024ರ ಡಿಸೆಂಬರ್‌ನಲ್ಲಿ, ಸಾವಿರಾರು ಶಾಲೆಗಳ ದಾಖಲೆ ನಿರ್ವಹಿಸುವ ಪವರ್‌ಸ್ಕೂಲ್ ಕಂಪನಿಯಲ್ಲೂ ಕಳವಾಯಿತು. ಕಂಪನಿ ಹಣ ಕೊಟ್ಟಿತು. ಮಾಹಿತಿ ಅಳಿಸಿದ್ದೇವೆಂಬ ಭರವಸೆ ಪಡೆಯಿತು. ಆದರೂ 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ಮುಂದಿಟ್ಟು ಶಾಲಾ ಜಿಲ್ಲೆಗಳಿಗೆ ಮತ್ತೆ ಬೆದರಿಕೆ ಬಂತು.

ಹಣ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಮಗುವಿನ ಜನ್ಮದಿನಾಂಕ ಬದಲಿಸಲಾಗದು. ಆದ್ದರಿಂದ ಎಚ್ಚರ ಮೊದಲೇ ಬೇಕು. ಪವರ್‌ಸ್ಕೂಲ್ ಪ್ರಕರಣದಲ್ಲಿ ಕಳ್ಳನಿಗೆ ದಾರಿಯಾದದ್ದು ಕದ್ದ ಪಾಸ್‌ವರ್ಡ್.

ಮುಂಬಯಿಯ ಕನ್ನಡ ಸಂಘಗಳು ನಡೆಸುವ ಶಾಲೆ, ವಿದ್ಯಾರ್ಥಿವೇತನ ವಿಭಾಗಗಳಲ್ಲೂ ಆಧಾರ್ ನಕಲು, ಬ್ಯಾಂಕ್ ಖಾತೆಯ ವಿವರ ಸೇರುತ್ತವೆ. ಸಿಬ್ಬಂದಿಯಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಪಾಸ್‌ವರ್ಡ್ ಇರಲಿ. ಅದರ ಜತೆಗೆ ಮೊಬೈಲಿಗೆ ಬರುವ ಒಟಿಪಿ ಕಡ್ಡಾಯವಾಗಲಿ. ಅದನ್ನು ಯಾರಿಗೂ ಹೇಳಬಾರದು. ಕೆಲಸ ಬಿಟ್ಟವರ ಲಾಗಿನ್ ಅಂದೇ ರದ್ದಾಗಲಿ. ವೇತನ ವಿತರಣೆ, ಲೆಕ್ಕಪರಿಶೋಧನೆ ಮುಗಿದ ಬಳಿಕ ಬೇಡವಾದ ಆಧಾರ್ ನಕಲುಗಳನ್ನು ಅಳಿಸಿಬಿಡುವುದು ಲೇಸು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರುವುದು ಅಗತ್ಯ.